ಅಂಗಳದ ತಗಡಿನ ಪೆಟ್ಟಿಗೆ ಮತ್ತು ಗಾಮಾ ಸ್ಫೋಟ: ನನ್ನ ಅನುಭವ

ನಮ್ಮ ಮನೆಯ ಅಂಗಳದ ಮೂಲೆಯಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಹೊಸದಾಗಿ ಬಂದವರು ಅದನ್ನು ಪಂಪ್‌ಸೆಟ್ಟಿನ ಸ್ಟಾರ್ಟರ್ ಅಂದುಕೊಳ್ಳುತ್ತಾರೆ. ರಾತ್ರಿ ಅದರ ಮುಚ್ಚಳ ತಾನಾಗೇ ತೆರೆದಾಗ ಬೆಚ್ಚಿ ಬೀಳುತ್ತಾರೆ. ಮುಚ್ಚಳ ಎತ್ತುವುದು ಗುಜರಿಯಿಂದ ತಂದ ಕಾರಿನ ವೈಪರ್ ಮೋಟಾರು. ಒಳಗೆ ಹಳೇ 200 ಎಂಎಂ ಕ್ಯಾಮೆರಾ ಲೆನ್ಸು, ಅದರ ಹಿಂದೆ ಆಕಾಶದ ಫೋಟೋಕ್ಕೆಂದೇ ಮಾಡಿದ ಕ್ಯಾಮೆರಾ, ಕೆಳಗೆ ಅವನ್ನು ಬೇಕಾದ ಕಡೆ ತಿರುಗಿಸುವ ಮೋಟಾರಿರುವ ಮೌಂಟು, ಪಕ್ಕದಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಅಂಚಿನಲ್ಲಿ ಕೂತು ಇದು ಗಾಮಾ ಕಿರಣ ಸ್ಫೋಟದ ಬೆಳಕಿಗೆ ಕಾಯುತ್ತದೆ.

ಬಹಳ ದೊಡ್ಡ ನಕ್ಷತ್ರವೊಂದರ ಒಡಲು ಕುಸಿದು ಕಪ್ಪುಕುಳಿ ಆಗುವಾಗ ಗಾಮಾ ಕಿರಣ ಚಿಮ್ಮುತ್ತದೆ. ಸಾಮಾನ್ಯವಾಗಿ ಕೆಲವೇ ಸೆಕೆಂಡು, ಇಲ್ಲವೇ ಕೆಲವು ನಿಮಿಷ. ನಮ್ಮ ಗಾಳಿ ಅದನ್ನು ಕೆಳಗೆ ಬಿಡುವುದಿಲ್ಲ, ಹಾಗಾಗಿ ಅದನ್ನು ನೋಡುವುದು ಉಪಗ್ರಹಗಳ ಕೆಲಸ. ಅದರ ಜೊತೆ ಬರುವ, ಕಣ್ಣಿಗೆ ಕಾಣುವ ತರದ ಬೆಳಕು ಮಾತ್ರ ನೆಲಕ್ಕೆ ಇಳಿಯುತ್ತದೆ, ನನ್ನ ಪೆಟ್ಟಿಗೆ ಕಾಯುವುದು ಅದಕ್ಕೆ. 2004ರಲ್ಲಿ ಹಾರಿಸಿದ ಸ್ವಿಫ್ಟ್ ಉಪಗ್ರಹವು ಸ್ಫೋಟ ಕಂಡ ಕೂಡಲೇ ಆಕಾಶದ ಯಾವ ಜಾಗ ಅಂತ ಕೆಳಗೆ ಹೇಳುತ್ತದೆ. ನಾಸಾದ ಜಿಸಿಎನ್ ಜಾಲ ಆ ಸುದ್ದಿಯನ್ನು ಇಂಟರ್ನೆಟ್ಟಿನಲ್ಲಿ ಹಂಚುತ್ತದೆ. ದುಡ್ಡಿಲ್ಲ, ಯಾರು ಬೇಕಾದರೂ ಕೇಳಿಸಿಕೊಳ್ಳಬಹುದು. ನನ್ನ ಪೈ ರಾತ್ರಿಯಿಡೀ ಮಾಡುವುದು ಅದನ್ನೇ. ಸುದ್ದಿ ಬಂದರೆ ಮುಚ್ಚಳ ತೆಗೆದು, ಲೆನ್ಸು ತಿರುಗಿಸಿ, ಹತ್ತು ಹತ್ತು ಸೆಕೆಂಡಿನ ಫೋಟೋ ತೆಗೆಯುತ್ತಾ ಹೋಗುತ್ತದೆ.

ಇಷ್ಟು ಸಣ್ಣ ಲೆನ್ಸಿನಲ್ಲಿ ಏನು ಕಾಣುತ್ತದೆ ಅಂತ ಕೇಳಬಹುದು. ನನಗೆ ಧೈರ್ಯ ಕೊಟ್ಟಿದ್ದು ಅಮೆರಿಕದ ರಾಟ್ಸಿ ಅನ್ನುವ ರೋಬೋ ದೂರದರ್ಶಕ. ಅದೂ ನಾಲ್ಕು ಕ್ಯಾನನ್ ಟೆಲಿ ಲೆನ್ಸು ಒಟ್ಟಿಗೆ ಕಟ್ಟಿದ ಯಂತ್ರವೇ. 1999ರ ಜನವರಿ 23ರಂದು ಒಂದು ಸ್ಫೋಟ ಶುರುವಾದ 22 ಸೆಕೆಂಡಿಗೆ ಅದು ಫೋಟೋ ತೆಗೆಯಲು ಶುರು ಮಾಡಿತ್ತು. ಬೆಳಕು 9ನೇ ಕಾಂತಿಮಾನದವರೆಗೆ ಏರಿತು (ಕಾಂತಿಮಾನ ಹೊಳಪಿನ ಅಳತೆ, ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ), ಅಂದರೆ ಒಳ್ಳೇ ಬೈನಾಕ್ಯುಲರಿಗೆ ಸಿಗುವಷ್ಟು. 2008ರ ಮಾರ್ಚ್ 19ರದ್ದು ಇನ್ನೂ ಜೋರು. 750 ಕೋಟಿ ಜ್ಯೋತಿರ್ವರ್ಷ ದೂರದ ಬೆಳಕು ಅರ್ಧ ನಿಮಿಷ ಬರಿಗಣ್ಣಿಗೇ ಕಾಣುವ ಹಾಗಿತ್ತು. ಆದರೆ ನಮ್ಮ ಅದೃಷ್ಟ ನೋಡಿ, ಎರಡೂ ಆಗಿದ್ದು ನಮ್ಮ ಹಗಲಿನಲ್ಲಿ! ಒಂದು ಮಧ್ಯಾಹ್ನ ಮೂರು ದಾಟಿದ ಮೇಲೆ, ಇನ್ನೊಂದು ಹನ್ನೊಂದೂ ಮುಕ್ಕಾಲಿಗೆ.

ಬೆಳಕು ಇಷ್ಟು ಬೇಗ ಬಂದು ಹೋಗುತ್ತದೆ, ಅದಕ್ಕೇ ಹೇಳುವುದು, ಈ ಕೆಲಸದಲ್ಲಿ ದೊಡ್ಡ ಕನ್ನಡಿಗಿಂತ ಬೇಗ ತಿರುಗುವುದು ಮುಖ್ಯ. ದುಡ್ಡು ಹಾಕುವುದಾದರೆ ಮೌಂಟಿಗೆ ಹಾಕಿ.

ಪ್ರೋಗ್ರಾಮು ಬರೆದಿದ್ದು ಎರಡು ವಾರದಲ್ಲಿ ಮುಗಿಯಿತು. ಮಲೆನಾಡಿನ ಜೊತೆ ಗುದ್ದಾಡಿದ್ದು ಮೂರು ವರ್ಷ. ಮೊದಲನೆಯದು ಇಬ್ಬನಿ. ಡಿಸೆಂಬರಿನಲ್ಲಿ ರಾತ್ರಿ ಒಂದರ ಹೊತ್ತಿಗೆ ಲೆನ್ಸಿನ ಮೇಲೆ ನೀರು ಇಳಿಯುತ್ತಿತ್ತು. ರೆಸಿಸ್ಟರುಗಳನ್ನು ಸರದ ಹಾಗೆ ಬೆಸುಗೆ ಹಾಕಿ, ಲೆನ್ಸಿನ ಕುತ್ತಿಗೆಗೆ ಸುತ್ತಿ, 12 ವೋಲ್ಟ್ ಕೊಟ್ಟೆ. ಉಗುರುಬೆಚ್ಚಗಾದರೆ ಸಾಕು, ಜಾಸ್ತಿ ಬಿಸಿಯಾದರೆ ನಕ್ಷತ್ರಗಳೆಲ್ಲ ಊದಿಕೊಳ್ಳುತ್ತವೆ. ಎರಡನೆಯದು ಧ್ರುವ ನಕ್ಷತ್ರ, ಮೌಂಟನ್ನು ಸರಿಯಾಗಿ ಕೂರಿಸಲು ಗುರಿಗೆ ಬೇಕಾದದ್ದು ಅದೇ. ನಮ್ಮಲ್ಲಿ ಅದು ಸುಮಾರು 14 ಡಿಗ್ರಿ ಎತ್ತರದಲ್ಲಷ್ಟೇ ಇರುವುದು, ನನ್ನ ಅಂಗಳದಿಂದ ಅಡಿಕೆ ಮರದ ತಲೆ ಬಿಟ್ಟರೆ ಏನೂ ಕಾಣುವುದಿಲ್ಲ. ಬೇರೆ ನಕ್ಷತ್ರಗಳು ಎಷ್ಟು ಜಾರುತ್ತವೆ ಅಂತ ನೋಡಿ ನೋಡಿ ಮೌಂಟು ಕೂರಿಸಿದೆ.

ಇನ್ನು ಅಡಿಕೆ ಸುಲಿತ. ಆಕಾಶ ತಿಳಿಯಾಗುವ ತಿಂಗಳಲ್ಲೇ ಊರೆಲ್ಲ ಬಲ್ಬು ಹಾಕಿಕೊಂಡು ಹೊತ್ತು ಮೀರುವವರೆಗೆ ಸುಲಿಯುತ್ತದೆ, ಬೇಯಿಸುವ ಹಂಡೆಯ ಹೊಗೆ ಬೇರೆ. ಅದನ್ನು ನಿಲ್ಲಿಸಿ ಅನ್ನುವ ಬಾಯಿ ನನಗಿಲ್ಲ. ಈ ಲೆನ್ಸು ಬಂದಿದ್ದೂ ಅಡಿಕೆ ದುಡ್ಡಿನಲ್ಲೇ ಅಲ್ವಾ?

ಒಂದು ಜನವರಿ ರಾತ್ರಿ ಎರಡು ಗಂಟೆ ದಾಟಿತ್ತು. ಫೋನು ಕೂಗಿತು. ಹೊರಗೆ ಬರುವಷ್ಟರಲ್ಲಿ ಮುಚ್ಚಳ ಕಿರ್ ಅಂತ ತೆರೆದಿತ್ತು. ಸುದ್ದಿ ಬಂದ 46 ಸೆಕೆಂಡಿಗೆ ಮೊದಲ ಫೋಟೋ. ಕಂಬಳಿ ಹೊದ್ದು ಲ್ಯಾಪ್‌ಟಾಪಿನ ಮುಂದೆ ಕೂತೆ. ಹಳೇ ಫೋಟೋ ಜೊತೆ ಹೋಲಿಸಿದರೆ ಹೊಸದೊಂದು ಚುಕ್ಕಿ! ಕೈ ನಡುಗಿತು. ಅಮ್ಮನನ್ನೂ ಎಬ್ಬಿಸಿದೆ. ಮುಂದಿನ ಫೋಟೋದಲ್ಲಿ ಚುಕ್ಕಿ ಇಲ್ಲ. ಅದರ ಮುಂದಿನದರಲ್ಲೂ ಇಲ್ಲ. ಸ್ಫೋಟದ ಬೆಳಕು ನಿಧಾನಕ್ಕೆ ಮಂಕಾಗುತ್ತದೆ, ಹತ್ತು ಸೆಕೆಂಡಿನಲ್ಲಿ ಹೀಗೆ ಪೂರ್ತಿ ಮಾಯವಾಗುವುದಿಲ್ಲ. ಬಿಸಿಲಿಗೆ ಮಿಂಚಿದ ಯಾವುದೋ ಉಪಗ್ರಹ ಅದು. ಸ್ವಿಫ್ಟ್ ಹೇಳಿದ ಜಾಗದಿಂದ ಎರಡು ಡಿಗ್ರಿ ಆಚೆಗೂ ಇತ್ತು. ಮೊದಲೇ ನೋಡಬೇಕಿತ್ತು, ನೋಡಲಿಲ್ಲ. ಈಗ ಸಾಲಾಗಿ ಎರಡು ಫೋಟೋದಲ್ಲೂ ಕಾಣಿಸದ ಚುಕ್ಕಿಯನ್ನು ಪ್ರೋಗ್ರಾಮೇ ತಳ್ಳಿಹಾಕುತ್ತದೆ.

ಮರುದಿನ ಗೊತ್ತಾಯಿತು, ದೊಡ್ಡ ದೂರದರ್ಶಕದವರಿಗೆ ಆ ಸ್ಫೋಟದ ಬೆಳಕು ಸಿಕ್ಕಿತ್ತು, 18ನೇ ಕಾಂತಿಮಾನದಲ್ಲಿ. ನನ್ನ ಪೆಟ್ಟಿಗೆಗೆ ಕಾಣುವುದು 13ರವರೆಗೆ. ಐದು ಅಂಕಿ ಅಂದರೆ ನೂರು ಪಟ್ಟು ಮಂಕು. ಲಡಾಖಿನ ಹಾನ್ಲೆಯಲ್ಲಿ ಇದೇ ತರದ ಬೇಟೆಗೆ 70 ಸೆಂಟಿಮೀಟರ್ ಕನ್ನಡಿಯ ರೋಬೋ ದೂರದರ್ಶಕ ಇದೆ. ಅಲ್ಲಿ ಮಳೆಯೂ ಇಲ್ಲ, ಅಡಿಕೆಯೂ ಇಲ್ಲ. ನಾನು ಪುಸ್ತಕದಲ್ಲಿ ಬರೆದುಕೊಂಡೆ: "46ನೇ ಸೆಕೆಂಡಿನಿಂದ, 13ಕ್ಕಿಂತ ಪ್ರಕಾಶವಾದದ್ದು ಏನೂ ಇಲ್ಲ." ಇದೂ ಒಂದು ಅಳತೆಯೇ. ಇಂಥ ಸಾಲು ಈವರೆಗೆ ಹನ್ನೊಂದು ಆಗಿವೆ.

ಜೂನ್ ಬಂದರೆ ಪೆಟ್ಟಿಗೆ ಬಂದ್. ಮೊದಲ ವರ್ಷ ಬೆಚ್ಚಗಿರಲಿ ಅಂತ ಲೆನ್ಸನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಬೂಷ್ಟು ಹಿಡಿಯಲಿಲ್ಲ ನಿಜ, ಮಸಿ ಹಿಡಿಯಿತು. ಈಗ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬ, ವಾರಕ್ಕೊಮ್ಮೆ ಜೆಲ್ ಹುರಿದು ಮತ್ತೆ ಹಾಕುತ್ತೇನೆ.

"ಆ ಗಾಜಿಗೆ ಮಾಡೋ ಆರೈಕೆ ನನ್ನ ಮೊಣಕಾಲಿಗೆ ಮಾಡಿದ್ರೆ ಓಡಾಡ್ತಿದ್ದೆ ಮಾರಾಯ" ಅಂತಾರೆ ಅಮ್ಮ. ಜೆಲ್ ಹುರಿಯುವ ಬಾಣಲೆ ಮಾತ್ರ ಅವರೇ ಬೇರೆ ತೆಗೆದಿಟ್ಟಿದ್ದಾರೆ.