ಫೋನೇ ಜಾಯ್‌ಸ್ಟಿಕ್: ಸಿಗ್ನಲ್ ಇಲ್ಲದ ಮನೆಗೊಂದು ಪಾರ್ಟಿ ಗೇಮ್

ಶಿರಸಿ, ಸಿದ್ದಾಪುರ ಕಡೆ ಹಬ್ಬಕ್ಕೆ ನೆಂಟರು ಸೇರುವ ಮನೆಗಳಲ್ಲಿ ಟಿವಿ ಇದೆ, ಎಲ್ಲರ ಕೈಯಲ್ಲೂ ಫೋನ್ ಇದೆ. ಸಿಗ್ನಲ್ ಮಾತ್ರ ಅಂಗಳದ ಮೂಲೆಯಲ್ಲಿ. ಆಟವನ್ನು ಟಿವಿಯಲ್ಲಿ ತೋರಿಸಿ ಫೋನಿನಿಂದ ಆಡಿಸುವ ಜಾಕ್‌ಬಾಕ್ಸ್ ಥರದ ಆಟಗಳಿಗೆ ಇಂಟರ್ನೆಟ್ ಬೇಕೇ ಬೇಕು. ಹಾಗಾಗಿ ನಮ್ಮ ಆಟದ ಸರ್ವರನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟಿದ್ದೇವೆ: ಜಾವಾಸ್ಕ್ರಿಪ್ಟ್ ಓಡಿಸಲು ನೋಡ್ ಜೆಎಸ್, ಫೋನಿನ ಜೊತೆ ಸದಾ ತೆರೆದಿರುವ ಸಂಪರ್ಕಕ್ಕೆ ವೆಬ್‌ಸಾಕೆಟ್. ಫೋನಿಗೆ ಆ್ಯಪ್ ಬೇಡ, ಬ್ರೌಸರ್ ಸಾಕು.

ಆಟ ಬರೆಯುವುದಕ್ಕಿಂತ ಫೋನುಗಳನ್ನು ಒಳಗೆ ಸೇರಿಸುವುದೇ ದೊಡ್ಡ ಕೆಲಸ. ಲ್ಯಾಪ್‌ಟಾಪಿಗೆ 192.168.1.10 ಥರದ ಸ್ಥಿರ ಐಪಿ ವಿಳಾಸ ಕೊಟ್ಟು ಟಿವಿ ಮೇಲೆ ಎರಡು ಕ್ಯೂಆರ್ ಕೋಡ್ ತೋರಿಸುತ್ತೇವೆ: ಮೊದಲನೆಯದು ವೈಫೈಗೆ, ಎರಡನೆಯದು ಆಟಕ್ಕೆ. ಲ್ಯಾಪ್‌ಟಾಪ್ ರೌಟರಿಗೆ ಕೇಬಲಿನಲ್ಲೇ ಸೇರಲಿ; ಅದೂ ವೈಫೈನಲ್ಲಿದ್ದರೆ ಪ್ರತಿ ಸಂದೇಶ ಗಾಳಿಯಲ್ಲಿ ಎರಡು ಸಲ ಓಡಬೇಕು. ರೌಟರ್ ಜಗಲಿಯಲ್ಲೇ ಇರಲಿ, ದಪ್ಪ ಗೋಡೆಯಾಚೆ 5 ಗಿಗಾಹರ್ಟ್ಸ್ ವೈಫೈ ಸೊರಗುತ್ತದೆ. ಗೆಸ್ಟ್ ನೆಟ್‌ವರ್ಕ್ ಬಳಸಬೇಡಿ, ಅದು ಸಾಮಾನ್ಯವಾಗಿ ಫೋನನ್ನೂ ಲ್ಯಾಪ್‌ಟಾಪನ್ನೂ ಪರಸ್ಪರ ಕಾಣಗೊಡುವುದಿಲ್ಲ. ಪುಟ ಯಾವ ಫೋನಿನಲ್ಲೂ ತೆರೆಯದಿದ್ದರೆ ಮೊದಲು ನೋಡಬೇಕಾದ್ದು ಹೊರಗಿನ ಸಂಪರ್ಕ ತಡೆಯುವ ವಿಂಡೋಸ್ ಫೈರ್‌ವಾಲ್. ಒಂದೆರಡರಲ್ಲಷ್ಟೇ ತೆರೆಯದಿದ್ದರೆ, ‘ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ’ ಎಂದುಕೊಂಡು ಆ ಫೋನ್ ಮೊಬೈಲ್ ಡೇಟಾಕ್ಕೆ ಹಾರಿರಬಹುದು. ಡೇಟಾ ಆಫ್ ಮಾಡಿಸಿ.

ಫೋನ್ ಓರೆ ಮಾಡಿ ದೋಣಿ ನಡೆಸುವ ಆಸೆ ಎಲ್ಲರಿಗೂ ಬರುತ್ತದೆ. ಬಿಟ್ಟುಬಿಡಿ. ಚಲನೆಯ ಸೆನ್ಸರ್‌ಗೂ ಪರದೆ ಆರದಂತೆ ತಡೆಯುವ ವೇಕ್ ಲಾಕ್‌ಗೂ ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕ ಬೇಕು, ಮನೆಯೊಳಗಿನ ಬರೀ ಐಪಿ ವಿಳಾಸಕ್ಕೆ ಅದನ್ನು ಹೊಂದಿಸುವುದು ತ್ರಾಸು. ಐಫೋನಿನಲ್ಲಿ ಸೆನ್ಸರಿಗೆ ಅನುಮತಿಯನ್ನೂ ಕೇಳಬೇಕು. ದೊಡ್ಡ ಎರಡು ಬಟನ್‌ಗಳಲ್ಲೇ ಒಳ್ಳೆಯ ಆಟ ಆಗುತ್ತದೆ.

ಆ ಬಟನ್‌ಗಳನ್ನು ಕ್ಲಿಕ್ ಎಂದು ಓದಬೇಡಿ. ಒತ್ತಿದ್ದು, ಬಿಟ್ಟಿದ್ದು ಎರಡನ್ನೂ ಬೇರೆ ಬೇರೆಯಾಗಿ, ಸ್ಥಿತಿ ಬದಲಾದಾಗ ಮಾತ್ರ ಕಳಿಸಿ. ಆಟದ ನಡುವೆ ಕರೆ ಬಂದರೆ ‘ಬಿಟ್ಟ’ ಸುದ್ದಿ ಬರುವುದೇ ಇಲ್ಲ, ದೋಣಿ ದಡಕ್ಕೆ ಗುದ್ದಿಕೊಂಡೇ ಇರುತ್ತದೆ. ಒತ್ತುವುದು ನಡುವೆಯೇ ಕಡಿದುಹೋಯಿತೆಂದು ಬ್ರೌಸರ್ ಹೇಳುವ ಪಾಯಿಂಟರ್ ಕ್ಯಾನ್ಸಲ್ ಬಂದಾಗಲೂ ವೆಬ್‌ಸಾಕೆಟ್ ಮುಚ್ಚಿದಾಗಲೂ ಆ ಆಟಗಾರರ ಎಲ್ಲ ಬಟನ್ ಬಿಟ್ಟಂತೆ ಸರ್ವರ್ ಎಣಿಸಬೇಕು. ಪರದೆ ಲಾಕ್ ಆದರೂ ಸಾಕೆಟ್ ಹೆಚ್ಚಾಗಿ ಸಾಯುತ್ತದೆ. ಅದಕ್ಕೆ ಸೇರುವಾಗಲೇ ಸರ್ವರ್ ಒಂದು ಗುರುತು ಕೊಟ್ಟು, ಫೋನಿನ ಬ್ರೌಸರ್ ನೆನಪಿಡುವ ಲೋಕಲ್ ಸ್ಟೋರೇಜಿನಲ್ಲಿ ಇಡಿಸುತ್ತದೆ. ಮರಳಿ ಬಂದವರಿಗೆ ಅದೇ ಹೆಸರು, ಅದೇ ಅಂಕ. ಅಜ್ಜಿಯ ಅಂಕ ಸೊನ್ನೆಗೆ ಇಳಿದರೆ ಆಮೇಲೆ ಅವರು ಆಡುವುದಿಲ್ಲ.

‘ಮಾಗೋಡು ಜಲಪಾತ ಯಾವ ನದಿಯದು?’ ಥರದ ಕ್ವಿಜ್‌ನಲ್ಲಿ ಯಾರು ಮೊದಲೆಂದು ತೀರ್ಮಾನಿಸಲು ಫೋನಿನ ಗಡಿಯಾರ ನಂಬಬೇಡಿ, ಉತ್ತರ ಸರ್ವರಿಗೆ ತಲುಪಿದ ಹೊತ್ತು ನೋಡಿ. ಅದರಲ್ಲೂ ವೈಫೈ ವಿಳಂಬ ಸೇರಿರುತ್ತದೆ. ಮೊದಲ ಸರಿ ಉತ್ತರದಿಂದ ಅರ್ಧ ಸೆಕೆಂಡಿನೊಳಗೆ ಬೇಡ್ತಿ ಎಂದವರಿಗೆಲ್ಲ ಸಮಾನ ಅಂಕ ಕೊಡುವುದು ನ್ಯಾಯ.

ಹೆಸರಿನ ಮಿತಿಯನ್ನು ಅಕ್ಷರ ಎಣಿಸಿ ಇಡಬಾರದು: ಜಾವಾಸ್ಕ್ರಿಪ್ಟಿನ ಎಣಿಕೆಯಲ್ಲಿ ‘ಕ್ಷ’ ಒಂದೇ ಮೂರಾಗುತ್ತದೆ. ನಡುವೆ ಕತ್ತರಿಸಿದರೆ ಹೆಸರು ಕೆಡುತ್ತದೆ. ಪರದೆಯ ಮೇಲಿನ ಅಗಲ ಅಳೆದು ಅಕ್ಷರದ ಗಾತ್ರ ಇಳಿಸಿ.

ಒತ್ತಿದ ಮೇಲೆ ತಡವಾಗಿ ಕಂಡರೆ ಎಲ್ಲರೂ ವೈಫೈಯನ್ನು ಬೈಯುತ್ತಾರೆ. ಎಷ್ಟೋ ಸಲ ತಡ ಮಾಡುವುದು ಟಿವಿ. ಅದನ್ನು ತಡ ಕಡಿಮೆ ಮಾಡುವ ಗೇಮ್ ಮೋಡಿಗೆ ಹಾಕಿ. ಮಳೆಗಾಲವಾದರೆ ರೌಟರಿಗೊಂದು ಪುಟ್ಟ ಯುಪಿಎಸ್ ಇರಲಿ, ಪ್ರತಿ ಸುತ್ತಿನ ಅಂಕವನ್ನು ಫೈಲಿಗೆ ಬರೆಸಿ. ಕರೆಂಟ್ ಬಂದಮೇಲೆ ನಿಂತ ಸುತ್ತಿನಿಂದಲೇ ಮುಂದುವರಿಸಬಹುದು.