ಹಳೇ ಪ್ಲಾಸ್ಮಾ ತಗೊಳ್ಳೋದಾ, ಎಲ್‌ಸಿಡಿನಾ?

ರಾಯಚೂರಿನಲ್ಲಿ ಟಿವಿ ರಿಪೇರಿ ಮಾಡೋ ನನ್ನ ಹತ್ತಿರ ಕೆಲವರು ಈಗಲೂ ಸೆಕೆಂಡ್ ಹ್ಯಾಂಡ್ ಪ್ಲಾಸ್ಮಾ ಟಿವಿ ಬಗ್ಗೆ ಕೇಳ್ತಾರೆ. ಹೊಸದಂತೂ ಸಿಗಲ್ಲ, ಪ್ಯಾನಸೋನಿಕ್ 2013ರ ಕೊನೆಗೆ ತಯಾರಿಕೆ ನಿಲ್ಲಿಸಿತು, ಸ್ಯಾಮ್‌ಸಂಗ್, ಎಲ್‌ಜಿ ಮರುವರ್ಷ ಕೈಬಿಟ್ಟವು.

ರಾತ್ರಿ ದೀಪ ಆರಿಸಿ ಸಿನಿಮಾ ನೋಡೋರಿಗೆ ಪ್ಲಾಸ್ಮಾನೇ ಚೆಂದ. ಅದರಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತೆ, ಹಾಗಾಗಿ ಕಪ್ಪು ಕಪ್ಪಾಗೇ ಇರುತ್ತೆ. ಪಕ್ಕದಲ್ಲಿ ಕೂತವರಿಗೂ ಬಣ್ಣ ಮಾಸಲ್ಲ. ಎಲ್‌ಸಿಡಿಗೆ ಹಿಂದಿನಿಂದ ಬೆಳಕು ಬೀಳೋದ್ರಿಂದ ಕತ್ತಲ ದೃಶ್ಯ ಬೂದು ಬಣ್ಣಕ್ಕೆ ತಿರುಗುತ್ತೆ.

ಆದ್ರೆ ಕೊಳ್ಳೋ ಮುಂಚೆ ಪರೀಕ್ಷೆ ಮಾಡಿ. ಪೆನ್‌ಡ್ರೈವ್‌ನಲ್ಲಿ ಬರೀ ಬಿಳಿ, ಬರೀ ಬೂದು ಚಿತ್ರ ಒಯ್ದು ತೆರೆ ತುಂಬ ಹಾಕಿ. ಮೂಲೆಯಲ್ಲಿ ಚಾನೆಲ್ ಲೋಗೋದ ನೆರಳು, ಕೆಳಗೆ ಸುದ್ದಿಪಟ್ಟಿಯ ಗೆರೆ ಎದ್ದು ಕಂಡ್ರೆ ಬಿಟ್ಟು ಬನ್ನಿ. ಅದು ಸುಟ್ಟ ಕಲೆ, ನನ್ನಂಥವರಿಂದಲೂ ಹೋಗಲ್ಲ. ಗಂಟೆಗಟ್ಟಲೆ ಗೇಮ್ ಆಡಿದ್ರೆ ಸ್ಕೋರು, ಮ್ಯಾಪು ಒಂದೇ ಕಡೆ ನಿಂತು ಹೀಗೇ ಕಲೆ ಬಿಡಬಹುದು. ಅಂಥ ಹುಡುಗರಿಗೆ ಎಲ್‌ಸಿಡಿನೇ ಸರಿ. ವೇಗದ ದೃಶ್ಯ ಸ್ವಲ್ಪ ಮಸುಕಾಗುತ್ತೆ, ನಿಜ. ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಇದ್ರೆ ಹಾಕಿ, ಬಟನ್ ಒತ್ತಿದ ಮೇಲೆ ತೆರೆಯಲ್ಲಿ ಕಾಣೋ ತಡ ಕಡಿಮೆಯಾಗುತ್ತೆ.

ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ. ಪ್ಲಾಸ್ಮಾನೂ ಬಿಸಿ ಕಾರುತ್ತೆ, ಕರೆಂಟೂ ಜಾಸ್ತಿ ಎಳೆಯುತ್ತೆ. (ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲೇ ಕರೆಂಟ್ ಹುಟ್ಟಿದ್ರೂ ಬಿಲ್ಲು ನಮ್ಮನ್ನ ಬಿಟ್ಟಿಲ್ಲ!) ಹಗಲು ಬಾಗಿಲು ತೆರೆದಿಟ್ಟು ಕ್ರಿಕೆಟ್ ನೋಡೋ ಮನೆಗೆ ಅದು ಬೇಡ, ಗಾಜಿನಲ್ಲಿ ಎದುರಿನ ಕಿಟಕಿಯೇ ಕಾಣುತ್ತೆ.

ಇಷ್ಟರ ಮೇಲೂ ಪ್ಲಾಸ್ಮಾನೇ ಅಂದ್ರೆ, ಆಟೋದಲ್ಲಿ ನೆಟ್ಟಗೆ ನಿಲ್ಲಿಸಿ ತನ್ನಿ. ಮಲಗಿಸಿದ್ರೆ ಕುಲುಕಾಟಕ್ಕೆ ಗಾಜು ಸೀಳೋ ಭಯ.