ಸಾಯ್ತಾ ಇರೋ ಲೋಕಕ್ಕೆ ಫ್ರೆಂಡ್ಸ್‌ನ ಕರ್ಕೊಂಡು ಹೋಗೋದು ಹೇಗೆ?

ಟೇಬಲ್ ಸುತ್ತ ಕೂತು ಆಡೋ ರೋಲ್ ಪ್ಲೇಯಿಂಗ್ ಗೇಮಲ್ಲಿ ಮೊದಲನೇ ಸಲ ಗೇಮ್ ಮಾಸ್ಟರ್ ಆಗಿ, ಅಂದ್ರೆ ಕಥೆ ನಡೆಸೋರಾಗಿ ಕೂತಾಗ ನಾನು ನಾಲ್ಕು ಪುಟ ಇತಿಹಾಸ ಬರ್ಕೊಂಡು ಹೋಗಿದ್ದೆ. ಮೂರು ರಾಜವಂಶ, ಒಂದು ಮಹಾಯುದ್ಧ, ಆಕಾಶದಿಂದ ಬಿದ್ದ ಕರಿಕಲ್ಲು, ಶಾಪ, ಪ್ಲೇಗು, ಏನು ಬೇಕೋ ಎಲ್ಲಾ ಇತ್ತು. ಎರಡನೇ ಪುಟಕ್ಕೆ ಬರೋ ಹೊತ್ತಿಗೆ ಒಬ್ಬ ಟೇಬಲ್ ಕೆಳಗೆ ಫೋನ್ ಇಟ್ಕೊಂಡು ಸ್ಕೋರ್ ನೋಡ್ತಿದ್ದ, ಇನ್ನೊಬ್ಬಳು ಯಾರ್ಯಾರಿಗೆ ಮಸಾಲೆ ಯಾರ್ಯಾರಿಗೆ ಸೆಟ್ ದೋಸೆ ಅಂತ ಲೆಕ್ಕ ಹಾಕ್ತಿದ್ಲು, ನಾನು ಮಾತ್ರ ಗಂಭೀರವಾಗಿ ದನಿ ತಗ್ಗಿಸಿ "ಮತ್ತೆ ಆ ಲೋಕಕ್ಕೆ ಕತ್ತಲು ಕವಿಯಿತು" ಅಂತ ಓದ್ತಿದ್ದೆ. ಯಾರಿಗೂ ಯಾವ ಕತ್ತಲೂ ಕವೀಲಿಲ್ಲ. ದೋಸೆ ಬಂತು ಅಷ್ಟೇ.

ಅವತ್ತಿಂದ ಇವತ್ತಿನವರೆಗೆ ಕಲಿತಿದ್ದನ್ನ ಇಲ್ಲಿ ಹೇಳ್ತೀನಿ. ಈ ಆಟ ಗೊತ್ತಿಲ್ದೇ ಇರೋರಿಗೆ ಎರಡೇ ಮಾತು: ನಾಲ್ಕೈದು ಜನ ಟೇಬಲ್ ಸುತ್ತ ಕೂರ್ತಾರೆ, ಒಬ್ಬ ಲೋಕ ನಡೆಸ್ತಾನೆ, ಉಳಿದೋರು ಆ ಲೋಕದಲ್ಲಿ ಒಬ್ಬೊಬ್ಬ ಪಾತ್ರ ಆಗ್ತಾರೆ, ಏನಾಗುತ್ತೆ ಅನ್ನೋದು ಅರ್ಧ ಮಾತಲ್ಲಿ ಅರ್ಧ ಡೈಸಲ್ಲಿ ತೀರ್ಮಾನ ಆಗುತ್ತೆ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ತಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಇದಕ್ಕೆಲ್ಲ ಮೂಲ. ಈಗ ಬೆಂಗಳೂರಲ್ಲೂ ವೀಕೆಂಡ್ ಬಂದ್ರೆ ಕೆಫೆಗಳಲ್ಲಿ, ಯಾರದ್ದೋ ಮನೆ ಟೆರೇಸಲ್ಲಿ ಆಡೋರು ಸಿಗ್ತಾರೆ.

ಮೊದಲು: ಏನು ಮುಗೀತಾ ಇದೆ?

ಹೊಸಬ್ರು ಹಾಳಾದ ಲೋಕ ಅಂದ ತಕ್ಷಣ ಕತ್ತಲೆ, ಮಳೆ, ಕಾಗೆ, ತಲೆಬುರುಡೆ ಅಂತ ಶುರು ಮಾಡ್ತಾರೆ. ಅದು ಬರೀ ಪೇಂಟ್ ಕಣ್ರೀ. ಒಂದು ಮನೆ ಹಾಳಾಗ್ತಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ ಹೇಳಿ, ಹೋದ ವರ್ಷ ಇದ್ದ ಹೆಂಚು ಈ ವರ್ಷ ಇಲ್ಲ, ಹಟ್ಟಿಲಿ ನಾಲ್ಕು ದನ ಇದ್ದಲ್ಲಿ ಒಂದಿದೆ, ಆಮೇಲೆ ಅದೂ ಇಲ್ಲ. ಅಂದ್ರೆ ಏನೋ ಒಂದು ಕಮ್ಮಿ ಆಗ್ತಾ ಬರ್ಬೇಕು, ಆ ಕಮ್ಮಿ ಆಗೋದನ್ನ ಪ್ಲೇಯರ್ಸ್ ಬೆರಳಲ್ಲಿ ಎಣಿಸೋ ಹಾಗಿರಬೇಕು. ಹತ್ತು ವಿಷಯ ಬೇಡ, ಒಂದೇ ಸಾಕು. ನೀರೋ, ಬೀಜವೋ, ಹೆಸರುಗಳೋ, ಹಗಲೋ.

ಇದನ್ನ ತುಂಬಾ ಚೆನ್ನಾಗಿ ಮಾಡಿದ್ದು 1991ರ ಡಾರ್ಕ್ ಸನ್, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡೋಕೆ ಅಂತಲೇ ಕಟ್ಟಿದ ಒಂದು ಲೋಕ. ಅದರ ಲೋಕದ ಹೆಸರು ಅಥಾಸ್. ಅಲ್ಲಿ ಮಾಟ ಮಾಡಿದ್ರೆ ಸುತ್ತಲಿನ ಗಿಡಮರಗಳ ಜೀವ ಹೀರ್ಕೊಂಡು ಮಾಡ್ಬೇಕು, ಹಾಗೆ ಹೀರಿ ಹೀರಿ ಇಡೀ ಲೋಕ ಮರಳುಗಾಡಾಗಿದೆ. ಕಬ್ಬಿಣ ಸಿಗೋದೇ ಅಪರೂಪ, ಕತ್ತಿ ಮೂಳೇದು, ಕಲ್ಲಿಂದು, ಮರದ್ದು. ಕಾಸು ಕೂಡ ಸುಟ್ಟ ಮಣ್ಣಿಂದು. ಪ್ಲೇಯರ್ಸ್‌ಗೆ ಶುರುವಿಗೇ ಮೂರನೇ ಲೆವೆಲ್ ಕೊಡ್ತಾರೆ, ಯಾಕಂದ್ರೆ ಒಂದನೇ ಲೆವೆಲಲ್ಲಿ ಬದುಕೋದು ಕಷ್ಟ, ಜೊತೆಗೆ ಸ್ಪೇರ್ ಅಂತ ಇನ್ನೂ ಮೂರು ಕ್ಯಾರೆಕ್ಟರ್ ಮಾಡಿಟ್ಕೊಳ್ಳಿ ಅಂತ ನಿಯಮದಲ್ಲೇ ಇದೆ. ನೋಡಿ, ಪಾಠ ಮಾಡೋದೇ ಬೇಕಾಗಲ್ಲ, ಕ್ಯಾರೆಕ್ಟರ್ ಮಾಡೋಕೆ ಕೂತಾಗ್ಲೇ, ಶೀಟಲ್ಲಿ "ಮೂಳೆ ಕತ್ತಿ" ಅಂತ ಬರ್ಯೋವಾಗ್ಲೇ, ಎಂಥ ಊರಿಗೆ ಬಂದಿದೀವಿ ಅಂತ ಅವರಿಗೆ ಗೊತ್ತಾಗಿ ಹೋಗುತ್ತೆ.

ಇಡೀ ಲೋಕನ ಮೂರು ಸಾಲಲ್ಲಿ ಹೇಳಿ

ಇದಕ್ಕೆ ನನ್ನ ಗುರು ಯಾವ ರೂಲ್ ಬುಕ್ಕೂ ಅಲ್ಲ, ಅಲಮೇಲಮ್ಮ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತಗೊಂಡ ಮೇಲೆ ಒಡವೆ ಕೇಳೋಕೆ ಹಿಂದೆ ಬಿದ್ದ ಸೈನಿಕರಿಂದ ತಪ್ಪಿಸ್ಕೊಂಡು ಆಕೆ ಕಾವೇರಿಗೆ ಹಾರೋ ಮುಂಚೆ ಹಾಕಿದ ಶಾಪ ಅಂತ ನಮ್ಮಜ್ಜಿ ಹೇಳ್ತಿದ್ದ ಕಥೆ ನಿಮ್ಮಜ್ಜಿನೂ ಹೇಳಿರ್ತಾರೆ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ. ಮೂರೇ ಮೂರು ಏಟು. ಒಂದು ಜಾಗ ಏನಾಗುತ್ತೆ, ಇನ್ನೊಂದು ಜಾಗ ಏನಾಗುತ್ತೆ, ಜನಕ್ಕೆ ಏನಾಗುತ್ತೆ. ಯಾಕೆ, ಯಾವಾಗ, ಎಷ್ಟನೇ ರಾಜ ಅನ್ನೋದೆಲ್ಲ ಆಮೇಲೆ ಕೇಳ್ದೋರಿಗೆ. ನಾನೂರು ವರ್ಷ ಆದ್ರೂ ಜನ ಮರೆತಿಲ್ಲ, ನನ್ನ ನಾಲ್ಕು ಪುಟ ನಲವತ್ತು ನಿಮಿಷ ಬಾಳಲಿಲ್ಲ.

ತಲಕಾಡಿಂದ ಕದಿಯೋಕೆ ಇನ್ನೂ ಎರಡಿದೆ. ಅಲ್ಲಿ ಮರಳು ಯಾಕೆ ಬಂತು ಅಂತ ಕೇಳಿದ್ರೆ ಊರವರು ಶಾಪ ಅಂತಾರೆ, ಓದಿದೋರು ನದಿ ತಿರುವು, ಮೇಲಿನ ಕಟ್ಟೆ, ಗಾಳಿ ಅಂತಾರೆ. ನಿಮ್ಮ ಲೋಕಕ್ಕೂ ಎರಡು ಕಾರಣ ಇಟ್ಕೊಳ್ಳಿ, ಯಾವುದು ನಿಜ ಅಂತ ನೀವಾಗಿ ಯಾವತ್ತೂ ತೀರ್ಪು ಕೊಡ್ಬೇಡಿ, ಪ್ಲೇಯರ್ಸ್ ಅವರವರೇ ಜಗಳ ಆಡ್ಕೊಳ್ತಾರೆ. ಇನ್ನೊಂದು ನನಗೆ ತುಂಬಾ ಇಷ್ಟವಾದದ್ದು: ಅಷ್ಟು ಮರಳು ಬಂದು ಮುಚ್ಚಿದ್ರೂ ಜನ ಆ ದೇವರುಗಳನ್ನ ಬಿಟ್ಟಿಲ್ಲ. ಪಾತಾಳೇಶ್ವರನ್ನ ನೋಡೋಕೆ ಮರಳಿನ ನಡುವೆ ಕೆಳಗಿಳಿದು ಹೋಗ್ಬೇಕು, ಹೋಗ್ತಾರೆ, ಪಂಚಲಿಂಗ ದರ್ಶನ ಬಂದ್ರೆ ಊರೇ ಜಾತ್ರೆ, 2020ರಲ್ಲಿ ಕೊರೋನಾ ಮಧ್ಯದಲ್ಲೂ ನಡೀತು. ಈ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕು.

ಹೆದರಿಸೋ ಮುಂಚೆ ಕೇಳಿ

ಇದನ್ನ ಉದ್ದ ಮಾಡಲ್ಲ ಆದ್ರೆ ಬಿಡೋ ಹಾಗೂ ಇಲ್ಲ. ಆಟಕ್ಕೆ ಮುಂಚೆ ಒಂದು ದಿನ ಎಲ್ಲರನ್ನೂ ಕೂರಿಸಿ ಏನು ಬರಬಾರದು ಅಂತ ಕೇಳಿ. ಮಕ್ಕಳಿಗೆ ತೊಂದರೆ ಆಗೋದು ಬೇಡ ಅಂತ ಒಬ್ರು, ನಾಯಿ ಸಾಯೋದು ಬೇಡ ಅಂತ ಇನ್ನೊಬ್ರು (ನಮ್ಮ ಗ್ಯಾಂಗಲ್ಲಿ ನಾಯಿಗೆ ವೋಟು ಜಾಸ್ತಿ). 2013ರಲ್ಲಿ ಜಾನ್ ಸ್ಟಾವ್ರೋಪೌಲೋಸ್ ಅನ್ನೋರು ಬರೆದ ಎಕ್ಸ್ ಕಾರ್ಡ್ ಅಂತ ಒಂದಿದೆ, ಒಂದು ಚೀಟಿ ಮೇಲೆ ಇಂಟು ಮಾರ್ಕ್ ಹಾಕಿ ಟೇಬಲ್ ನಡುವೆ ಇಡೋದು, ಯಾರಾದ್ರೂ ಮುಟ್ಟಿದ್ರೆ ಆ ಸೀನ್ ಅಲ್ಲಿಗೇ ಬಿಡೋದು, ಯಾಕೆ ಅಂತ ಕೇಳೋ ಹಾಗಿಲ್ಲ. ನಮ್ಮಲ್ಲಿ ಬಾಯಿಬಿಟ್ಟು ಬೇಡ ಅನ್ನೋಕೆ ಸಂಕೋಚ ಪಡೋರೇ ಜಾಸ್ತಿ, ಹಂಗಾಗಿ ಚೀಟಿ ಒಳ್ಳೇದು.

ಮೊದಲ ಸೀನ್: ಇನ್ನೂ ಯಾರು ಏನನ್ನ ನೋಡ್ಕೊಳ್ತಿದಾರೆ?

ಇಲ್ಲೇ ಎಲ್ಲಾ ಇರೋದು. ಬರೀ ಪಾಳು ತೋರಿಸಿದ್ರೆ ಪ್ಲೇಯರ್ಸ್‌ಗೆ ಅದು ಪಿಕ್ನಿಕ್ ಸ್ಪಾಟ್, ಫೋಟೋ ತೆಗ್ದು ಮುಂದೆ ಹೋಗ್ತಾರೆ. ಪಾಳಿನ ಮಧ್ಯೆ ಯಾರೋ ಒಬ್ರು ಕಸ ಗುಡಿಸ್ತಾ ಇದ್ರೆ ಆಗ ನಿಲ್ತಾರೆ. ಹಂಗಾಗಿ ಮುಗೀತಾ ಇರೋ ವಸ್ತು ಒಂದು ಇಟ್ಕೊಂಡ್ರಲ್ಲ, ಅದರ ಪಕ್ಕಕ್ಕೆ ಅದನ್ನ ಬಿಡದೇ ನೋಡ್ಕೊಳ್ಳೋ ಒಬ್ಬ ಮನುಷ್ಯನ್ನ ಇಡಿ.

ನನ್ನ ಈಗಿನ ಕ್ಯಾಂಪೇನಿನ (ಅಂದ್ರೆ ಒಂದು ಸೆಷನ್ನಿಂದ ಇನ್ನೊಂದಕ್ಕೆ ಮುಂದುವರಿಯೋ ಕಥೆಯ) ಊರು ದೋಣಿಹಾಳ. ನಾನೇ ಕಟ್ಟಿದ್ದು, ಮ್ಯಾಪಲ್ಲಿ ಹುಡುಕ್ಬೇಡಿ. ಮೂರು ತಲೆಮಾರಿನ ಹಿಂದೆ ಸಮುದ್ರ ಹಿಂದಕ್ಕೆ ಹೋಯ್ತು, ವಾಪಸ್ ಬರಲಿಲ್ಲ. ಮೊದಲ ಸೆಷನ್ನಲ್ಲಿ ನಾನು ಓದಿದ್ದು ಇಷ್ಟೇ:

"ಸಂಜೆ ಆಗ್ತಿದೆ. ಕಣ್ಣು ಹಾಯಿಸಿದಷ್ಟು ದೂರ ಉಪ್ಪು, ಕಾಲಿಟ್ರೆ ಹಪ್ಪಳ ಮುರಿದಂಗೆ ಸದ್ದು. ಉಪ್ಪಿನ ಮೇಲೆ ಒಂದು ಹತ್ತು ದೋಣಿ, ಒಂದೂ ವಾಲಿಲ್ಲ. ಒಬ್ಬ ಮುದುಕ ಒಂದೊಂದು ದೋಣಿ ಹತ್ರ ಹೋಗಿ ಹಗ್ಗ ಎಳೆದು, ಗೂಟಕ್ಕೆ ಗಂಟು ಹಾಕಿ, ಗಂಟು ಸರಿ ಇದೆಯಾ ಅಂತ ಜಗ್ಗಿ ನೋಡ್ತಿದಾನೆ. ಕೊನೇ ದೋಣಿಗೆ ಹಗ್ಗ ಸಾಲ್ತಾ ಇಲ್ಲ. ನಿಮ್ಮ ಕಡೆ ತಿರುಗಿ ಕೇಳ್ತಾನೆ, ನಿಮ್ಮತ್ರ ಒಂದು ಮೊಳ ಹಗ್ಗ ಇದೆಯಾ? ಏನ್ಮಾಡ್ತೀರ?"

ಹಗ್ಗ ಅನ್ನೋದು ಈ ಆಟದಲ್ಲಿ ಎಲ್ಲರ ಬ್ಯಾಗಲ್ಲೂ ಇರೋ ವಸ್ತು, ಶೀಟಲ್ಲಿ ಬರ್ಕೊಂಡಿರ್ತಾರೆ, ಯಾರೂ ಅದರ ಬಗ್ಗೆ ಎರಡನೇ ಸಲ ಯೋಚ್ನೆ ಮಾಡಿರಲ್ಲ. ಅವತ್ತು ಐದು ಜನ ಹತ್ತು ನಿಮಿಷ ಹಗ್ಗ ಕೊಡೋದಾ ಬೇಡ್ವಾ ಅಂತ ವಾದ ಮಾಡಿದ್ರು. ಸಮುದ್ರಾನೇ ಇಲ್ಲ, ದೋಣಿ ಎಲ್ಲಿಗೆ ಹೋಗುತ್ತೆ ಅಂತ ಒಬ್ಬ. ಅದಕ್ಕೆ ಇನ್ನೊಬ್ಬಳು, ಅಲ್ವೋ, ಎಲ್ಲಿಗೂ ಹೋಗಲ್ಲ ಅಂದ್ರೆ ಇವನ್ಯಾಕೆ ಇಷ್ಟು ಗಟ್ಟಿ ಕಟ್ತಿದಾನೆ ಅಂದ್ಲು. ಟೇಬಲ್ ಗಪ್‌ಚುಪ್. ಸತ್ಯ ಹೇಳ್ಬೇಕು ಅಂದ್ರೆ ನಾನು ಅಷ್ಟು ಯೋಚ್ನೆ ಮಾಡೇ ಇರಲಿಲ್ಲ, ಅವಳ ಬಾಯಿಂದ ಬಂದಿದ್ದನ್ನ ತಕ್ಷಣ ನೋಟ್‌ಬುಕ್ಕಲ್ಲಿ ಬರ್ಕೊಂಡೆ, ಈಗ ಅದೇ ನಮ್ಮ ಕ್ಯಾಂಪೇನಿನ ದೊಡ್ಡ ಗುಟ್ಟು.

ಓದೋ ಪ್ಯಾರಾ ಒಂದು ನಿಮಿಷ ದಾಟಬಾರದು, ಕೊನೇಲಿ ಪ್ರಶ್ನೆ ಇರಲೇಬೇಕು, ಮತ್ತೆ ಭಯಂಕರ, ಘೋರ, ನಿಗೂಢ ಈ ಮೂರು ಪದ ಬಂದಿದ್ರೆ ಹೊಡೆದು ಹಾಕಿ. ಹಪ್ಪಳದ ಸದ್ದು ಕೊಟ್ಟಿದ್ದು ಯಾಕಂದ್ರೆ ಅದು ನಮ್ಮೆಲ್ಲರ ಕಿವೀಲಿ ಈಗಾಗ್ಲೇ ಇರೋ ಸದ್ದು.

ಹಾಳೂರಿಗೆ ಉಳಿದವನೇ ಗೌಡ

ಊರಲ್ಲಿ ಅಧಿಕಾರ ಯಾರ ಕೈಲಿದೆ ಅನ್ನೋದಕ್ಕೆ ಈ ಗಾದೆಗಿಂತ ಒಳ್ಳೆ ರೂಲ್ ನನಗೆ ಸಿಕ್ಕಿಲ್ಲ. ಹಾಳಾಗ್ತಿರೋ ಲೋಕದಲ್ಲಿ ದೊಡ್ಡ ಖಳನಾಯಕ ಸಿಂಹಾಸನದ ಮೇಲೆ ಕೂತಿರಲ್ಲ, ಯೋಗ್ಯರು ಬಿಟ್ಟು ಹೋದ ಕುರ್ಚೀಲಿ ಯಾರೋ ಮಾಮೂಲಿ ಮನುಷ್ಯ ಕೂತಿರ್ತಾನೆ. ದೋಣಿಹಾಳದಲ್ಲಿ ಒಂದು ದೀಪಸ್ತಂಭ ಇದೆ, ದಿನಾ ರಾತ್ರಿ ಉರೀಬೇಕು, ಎಣ್ಣೆ ಲೆಕ್ಕ ಇಡೋ ಹೆಂಗಸೇ ಊರಿಗೆ ಯಜಮಾನಿ. ಹಿಂದೆ ಅವಳು ದೀಪದ ಬತ್ತಿ ಹೊಸೀತಿದ್ದೋಳು, ಅಷ್ಟೇ. ಮನೆಮನೆಯಿಂದ ಅಡುಗೆ ಎಣ್ಣೆ ವಸೂಲಿ ಮಾಡ್ತಾಳೆ, ಕೊಡದೇ ಇದ್ರೆ ಬಾಗಿಲು ಮುಂದೆ ಉಪ್ಪು ಸುರೀತಾಳೆ. ಅವಳು ಕೆಟ್ಟೋಳಾ? ನಮ್ಮ ಟೇಬಲ್ಲಲ್ಲಿ ಇನ್ನೂ ಇದೇ ಚರ್ಚೆ. ದೀಪ ಯಾಕೆ ಉರಿಸ್ಬೇಕು ಅನ್ನೋದಕ್ಕೆ ಎರಡು ಕಾರಣ ಇದೆ: ಸಮುದ್ರಕ್ಕೆ ವಾಪಸ್ ಬರೋ ದಾರಿ ಕಾಣ್ಲಿ ಅಂತ ಮುದುಕರು, ಉಪ್ಪಿನ ಮೇಲೆ ರಾತ್ರಿ ಓಡಾಡೋದು ಊರೊಳಗೆ ಬರದೇ ಇರ್ಲಿ ಅಂತ ಹುಡುಗರು.

ನಿಜವಾದ ಊರು ನೋಡ್ಬೇಕು ಅಂದ್ರೆ ಒಂದು ಸಲ ಕೆಜಿಎಫ್‌ಗೆ ಹೋಗಿ ಬನ್ನಿ, ಸಿನಿಮಾ ಅಲ್ಲ, ಊರು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂದ ಊರು ಅದು, ಬೆಂಗಳೂರಿಗಿಂತ ಮುಂಚೆ. ಭೂಮಿ ಒಳಗೆ ಮೂರು ಕಿಲೋಮೀಟರಿಗಿಂತ ಆಳಕ್ಕೆ ಗಣಿ ತೋಡಿದ್ರು. 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿದ್ರು. ಅದಿರು ಅರೆದು ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಗುಡ್ಡ ಗುಡ್ಡವಾಗಿ ಇನ್ನೂ ಬಿದ್ದಿದೆ, ಸೈನೈಡ್ ದಿಬ್ಬ ಅಂತಾರೆ, ಗಾಳಿ ಬೀಸಿದ್ರೆ ಧೂಳು ಮನೆ ಒಳಗೆ ಬರುತ್ತೆ. ಆದ್ರೂ ಜನ ಅಲ್ಲೇ ಇದಾರೆ, ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೆಲ್ಸಕ್ಕೆ ಬರ್ತಾರೆ, ರಾತ್ರಿ ವಾಪಸ್ ಹೋಗ್ತಾರೆ. ಚಿನ್ನ ಮುಗಿದ ಊರಿಗೆ ದಿನಾ ರಾತ್ರಿ ವಾಪಸ್ ಹೋಗೋ ಮನುಷ್ಯ ಅಂತ ಒಂದು ಪಾತ್ರ ಮಾಡಿ, ನಿಮ್ಮ ಲೋಕಕ್ಕೆ ಡ್ರ್ಯಾಗನ್ನೇ ಬೇಕಾಗಲ್ಲ. ನೋಡೋಕೆ ಹೋದಾಗ ಮಾತ್ರ ಸ್ವಲ್ಪ ಮರ್ಯಾದೆಯಿಂದ ಇರಿ, ಅದು ಅವರ ಮನೆ, ನಮ್ಮ ಸೆಟ್ ಅಲ್ಲ.

ಸಾಯೋದನ್ನ ಡೈಸಿಗೆ ಬಿಡಿ

ಲೋಕ ಸಾಯ್ತಿದೆ ಅಂತ ನೀವು ಹೇಳ್ತಾ ಇದ್ರೆ ಅದು ನಿಮ್ಮ ಮಾತು, ಡೈಸ್ ಹೇಳಿದ್ರೆ ವಿಧಿ. ಸ್ವೀಡನ್ನಿನ ಮೊರ್ಕ್ ಬೊರ್ಗ್ ಅನ್ನೋ ಆಟ ಇದೆ, ಹೆಸರಿನ ಅರ್ಥ ಕತ್ತಲ ಕೋಟೆ, ಇಂಗ್ಲಿಷಲ್ಲಿ 2020ರಲ್ಲಿ ಬಂತು. ಅದರಲ್ಲಿ ಆಟದೊಳಗೆ ದಿನಾ ಬೆಳಗಾದ್ರೆ ಗೇಮ್ ಮಾಸ್ಟರ್ ಒಂದು ಡೈಸ್ ಉರುಳಿಸ್ಬೇಕು, 1 ಬಿದ್ರೆ ಒಂದು ಅನಿಷ್ಟ, ಏಳನೇ ಅನಿಷ್ಟಕ್ಕೆ ಲೋಕ ಖತಂ, ಪುಸ್ತಕ ಸುಟ್ಟುಬಿಡಿ ಅಂತ ಅದರಲ್ಲೇ ಬರ್ದಿದೆ (ನಾನು ಸುಟ್ಟಿಲ್ಲ, ತುಂಬಾ ದುಡ್ಡು ಕೊಟ್ಟಿದೀನಿ). ಯಾವ ಡೈಸ್ ಅಂತ ನೀವೇ ಆರಿಸ್ಕೊಳ್ಳೋದು. ಲೆಕ್ಕ ಸುಲಭ, ಡೈಸಿನ ಮುಖಗಳನ್ನ ಏಳರಿಂದ ಗುಣಿಸಿ: ಇಪ್ಪತ್ತು ಮುಖದ್ದಾದ್ರೆ ಸರಾಸರಿ 140 ದಿನ, ಆರು ಮುಖದ್ದಾದ್ರೆ 42 ದಿನ. ನಿಮ್ಮ ಗ್ಯಾಂಗ್ ವಾರಾವಾರ ಸೇರೋದಾದ್ರೆ ಇಪ್ಪತ್ತು ಮುಖದ್ದು ಇಟ್ಕೊಳ್ಳಿ, ಎಲ್ಲರ ಕ್ಯಾಲೆಂಡರ್ ಹೊಂದೋದೇ ತಿಂಗಳಿಗೊಂದ್ಸಲ ಅಂದ್ರೆ ಆರು ಸಾಕು.

ನಾನು ಬಳಸೋದು ಇನ್ನೂ ಚಿಕ್ಕದು, 2016ರ ಬ್ಲ್ಯಾಕ್ ಹ್ಯಾಕ್ ಆಟದಿಂದ ಎತ್ತಿದ್ದು. ಅಲ್ಲಿ ಪಂಜು, ಬಾಣ, ಊಟ ಇವನ್ನ ಒಂದೊಂದಾಗಿ ಎಣಿಸಲ್ಲ, ಒಂದು ಡೈಸ್ ಕೊಡ್ತಾರೆ. ಬಳಸಿದಾಗೆಲ್ಲ ಉರುಳಿಸಿ, 1 ಅಥವಾ 2 ಬಿದ್ರೆ ಒಂದು ಸೈಜ್ ಚಿಕ್ಕ ಡೈಸಿಗೆ ಇಳೀಬೇಕು, ಎಂಟರಿಂದ ಆರು, ಆರರಿಂದ ನಾಲ್ಕು, ನಾಲ್ಕಾದ್ಮೇಲೆ ಖಾಲಿ. ಎಂಟು ಮುಖದ್ದರಿಂದ ಶುರು ಮಾಡಿದ್ರೆ ಸರಾಸರಿ ಒಂಬತ್ತು ಸಲ ಬರುತ್ತೆ. ನಾನು ಮಾಡಿದ್ದು ಏನಂದ್ರೆ ಅದನ್ನ ಪ್ಲೇಯರ್ಸ್ ಬ್ಯಾಗಿಂದ ತೆಗ್ದು ಊರಿನ ದೀಪಕ್ಕೆ ಕೊಟ್ಟೆ. ದೋಣಿಹಾಳದ ಎಣ್ಣೆ ಡೈಸ್ ಟೇಬಲ್ ಮಧ್ಯೆ ಎಲ್ಲರಿಗೂ ಕಾಣೋ ಹಾಗಿರುತ್ತೆ, ಪ್ರತಿ ರಾತ್ರಿ ಒಬ್ಬೊಬ್ಬ ಪ್ಲೇಯರ್ ಸರದಿ ಮೇಲೆ ಉರುಳಿಸ್ತಾರೆ. ನಾನು ಉರುಳಿಸಲ್ಲ. ಕೈ ಅವರದ್ದೇ ಆದ್ರೆ ಪಾಪನೂ ಅವರದ್ದೇ ಅನ್ಸುತ್ತೆ ನೋಡಿ, ಹೋದ ತಿಂಗಳು ಎಂಟರಿಂದ ಆರಕ್ಕೆ ಇಳಿಸಿದ ಹುಡುಗ ಇನ್ನೂ ಬೈಸ್ಕೊಳ್ತಿದಾನೆ.

ನಗೋಕೆ ಬಿಡಿ, ಸರಿಯಾದ ಕಡೆ ನಿಲ್ಸಿ

ಜನ ಜೋಕ್ ಮಾಡ್ತಾರೆ. ಮಾಡ್ಲಿ. ಮೂರು ಗಂಟೆ ಯಾರೂ ಮುಖ ಸಿಂಡರಿಸ್ಕೊಂಡು ಕೂರೋಕಾಗಲ್ಲ, ಸಾವಿನ ಮನೇಲೂ ಕಾಫಿ ಕುಡೀವಾಗ ಯಾರೋ ಒಬ್ರು ನಗಿಸ್ತಾರೆ. ಊರಲ್ಲಿ ಒಂದು ಒಳ್ಳೆ ಊಟ, ಒಂದು ಮದುವೆ, ಒಂದು ಕೆಟ್ಟ ಹಾಡುಗಾರ ಇರ್ಲಿ, ಕಳ್ಕೊಳ್ಳೋಕೆ ಏನಾದ್ರೂ ಬೇಕಲ್ವಾ.

ಮೊದಲ ಸೆಷನ್ನನ್ನ ಫೈಟ್ ಮಧ್ಯೆ ನಿಲ್ಸಿದ್ರೆ ಸಸ್ಪೆನ್ಸ್ ಇರುತ್ತೆ ಅಂತ ಎಲ್ಲರೂ ಹೇಳ್ತಾರೆ, ಈ ಥರದ ಲೋಕಕ್ಕೆ ಅದು ಸರಿ ಹೋಗಲ್ಲ. ಅವರು ಏನನ್ನಾದ್ರೂ ಕೊಟ್ಟ ಕ್ಷಣದಲ್ಲಿ ನಿಲ್ಸಿ. ನಮ್ಮೋರು ಕೊನೆಗೂ ಹಗ್ಗ ಕೊಟ್ರು. ಮುದುಕ ಗಂಟು ಹಾಕ್ದ, ಜಗ್ಗಿ ನೋಡ್ದ, ತಲೆ ಆಡಿಸಿ ಮನೆಗೆ ಹೋದ. ದೀಪ ಹತ್ತಿತು. ನಾನು ನೋಟ್‌ಬುಕ್ ಮುಚ್ಚಿದೆ. ಎರಡು ದಿನ ಬಿಟ್ಟು ಅವತ್ತು ಕೊಡೋದು ಬೇಡ ಅಂತ ಹಠ ಮಾಡಿದ್ದೋನೇ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕಿದ್ದ: "ಮಗಾ, ಅಲ್ಲಿ ಎಳ್ಳು ಬೆಳೆಯುತ್ತಾ?"